ಹಳೆಯ ಜಿಪ್ಸಿಯ ಮೈಲೇಜ್: ಮೊದಲು ಅಳತೆ, ಆಮೇಲೆ ಸ್ಪ್ಯಾನರ್

ಮಾರುತಿಯ ಜೀಪು ಜಿಪ್ಸಿ ಇಟ್ಟುಕೊಂಡವರಿಗೆ ಎದುರಾಗುವ ಮೊದಲ ಪ್ರಶ್ನೆ "ಎಷ್ಟು ಕೊಡುತ್ತೆ?" ಅನ್ನುವುದು. ಒಬ್ಬರು ಲೀಟರಿಗೆ ಎಂಟು ಕಿಮೀ ಅನ್ನುತ್ತಾರೆ, ಇನ್ನೊಬ್ಬರು ಹದಿಮೂರು ಅನ್ನುತ್ತಾರೆ. ಎಂಜಿನ್ ಅದೇ, ಗೇರ್‌ಬಾಕ್ಸ್ ಅದೇ. ಈ ಅಂತರಕ್ಕೆ ಗಾಡಿಯ ಸ್ಥಿತಿ ಒಂದು ಕಾರಣ ನಿಜ, ಆದರೆ ಅಳತೆಯ ತಪ್ಪೂ ಅಷ್ಟೇ ದೊಡ್ಡ ಕಾರಣ. ಅಳತೆಯಲ್ಲೇ ಶೇ. 10ರಷ್ಟು ತಪ್ಪಿದ್ದರೆ ಶೇ. 5ರಷ್ಟು ಉಳಿಸುವ ರಿಪೇರಿ ಮಾಡಿಸಿದರೂ ಅದು ಕೆಲಸ ಮಾಡಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ದುಡ್ಡು ಮಾತ್ರ ಹೋಗಿರುತ್ತದೆ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು 1298 ಸಿಸಿಯ ಜಿಪ್ಸಿ ಕಿಂಗ್ ಬಗ್ಗೆ. 1985ರ ಮೊದಲ ಜಿಪ್ಸಿಯಲ್ಲಿ ಇದ್ದದ್ದು 970 ಸಿಸಿ ಕಾರ್ಬ್ಯುರೇಟರ್ ಎಂಜಿನ್. 1996ರಲ್ಲಿ ಬಂದ ಕಿಂಗ್ ಕೂಡ ಮೊದಲಿಗೆ ಕಾರ್ಬ್ಯುರೇಟರ್‌ನಲ್ಲೇ ಬಂದು, ಆಮೇಲೆ ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಂತೆ ಇಂಜೆಕ್ಟರ್‌ಗಳು ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಆಯಿತು. 2019ರವರೆಗೂ ತಯಾರಾದ ಗಾಡಿ ಇದು. ಅಳತೆಯ ಭಾಗ ಯಾವ ಹಳೆಯ ಜೀಪಿಗೂ ಹೊಂದುತ್ತದೆ. ಡೀಸೆಲ್ ಜೀಪಿನವರಿಗೆ ಬೇರೆಯಾಗಿ ಹೇಳಬೇಕಾದ್ದು ಕೊನೆಯಲ್ಲಿದೆ.

ಟ್ಯಾಂಕಿನಿಂದ ಟ್ಯಾಂಕಿಗೆ

ಬಂಕಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಅಲ್ಲಿಗೆ ನಿಲ್ಲಿಸಿ. ಬಂಕಿನ ಹುಡುಗ ರೌಂಡ್ ಫಿಗರ್ ಮಾಡಲು ಇನ್ನಷ್ಟು ಹಾಕಲು ಬಂದರೆ ಬೇಡ ಅನ್ನಿ. ಓಡೋಮೀಟರ್ ಬರೆದುಕೊಳ್ಳಿ. ಮುಂದಿನ ಸಲ ಅದೇ ಬಂಕ್, ಅದೇ ಪಂಪ್, ಗಾಡಿ ಅದೇ ದಿಕ್ಕಿಗೆ ಮುಖಮಾಡಿ ನಿಂತಿರಬೇಕು. ಬಂಕಿನ ನೆಲ ನೀರು ಹರಿಯಲೆಂದು ಸ್ವಲ್ಪ ಇಳಿಜಾರಾಗಿರುತ್ತದೆ. ಗಾಡಿ ವಾಲಿದರೆ ಟ್ಯಾಂಕಿನ ಮೇಲ್ಭಾಗದಲ್ಲಿ ಗಾಳಿ ಸಿಕ್ಕಿಕೊಂಡು ನಾಜಲ್ ಬೇಗ ಕಟ್ ಆಗುತ್ತದೆ. ಇಷ್ಟರಿಂದಲೇ ಅರ್ಧದಿಂದ ಒಂದು ಲೀಟರ್ ಹೆಚ್ಚುಕಡಿಮೆ ಆಗಬಹುದು.

ಆ ಒಂದು ಲೀಟರ್ ಎಷ್ಟು ದೊಡ್ಡದು ಅನ್ನುವುದು ನೀವು ಎಷ್ಟು ತುಂಬಿಸಿದಿರಿ ಅನ್ನುವುದರ ಮೇಲಿದೆ. ಐದು ಲೀಟರ್ ಹಾಕಿಸಿ ಲೆಕ್ಕ ಹಾಕಿದರೆ ತಪ್ಪು ಶೇ. 20. ಮೂವತ್ತು ಲೀಟರ್ ಖರ್ಚಾದ ಮೇಲೆ ಲೆಕ್ಕ ಹಾಕಿದರೆ ಶೇ. 3ರ ಆಸುಪಾಸು. ಜಿಪ್ಸಿಯ ಟ್ಯಾಂಕ್ 40 ಲೀಟರಿನದು, ಹಾಗಾಗಿ ಒಂದು ಸುತ್ತಿಗೆ 28ರಿಂದ 32 ಲೀಟರ್ ಖರ್ಚು ಮಾಡುವುದು ಸರಿಯಾದ ಪದ್ಧತಿ. ಕನಿಷ್ಠ ಮೂರು ಸುತ್ತು ಆದ ಮೇಲೆ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಪ್ರತಿ ಸುತ್ತಿನ ಮೈಲೇಜ್ ತೆಗೆದು ಅವುಗಳ ಸರಾಸರಿ ಮಾಡಬೇಡಿ. ಚಿಕ್ಕ ಸುತ್ತಿಗೂ ದೊಡ್ಡ ಸುತ್ತಿಗೂ ಒಂದೇ ತೂಕ ಕೊಟ್ಟಂತಾಗಿ ಲೆಕ್ಕ ತಪ್ಪುತ್ತದೆ.

ಬೆಳಗಿನ ಜಾವ ಹಾಕಿಸಿದರೆ ಪೆಟ್ರೋಲ್ ಜಾಸ್ತಿ ಸಿಗುತ್ತದೆ ಅನ್ನುವ ಮಾತಿದೆಯಲ್ಲ, ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಸುಮಾರು ಶೇ. 1ರಷ್ಟು ಹಿಗ್ಗುವುದು ನಿಜ, ಆದರೆ ಬಂಕಿನ ಟ್ಯಾಂಕ್ ನೆಲದಡಿ ಇರುವುದರಿಂದ ಹಗಲು ರಾತ್ರಿಗೆ ಅದರ ಉಷ್ಣತೆ ಹೆಚ್ಚು ಬದಲಾಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಪೆಟ್ರೋಲಿಗೆ ಬೆರೆಸುವ ಎಥೆನಾಲ್. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಶೇ. 20 ಎಥೆನಾಲ್ ಬೆರೆತಾಗ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆಯಾಗುತ್ತದೆ. ಶುದ್ಧ ಪೆಟ್ರೋಲಿಗೆಂದು ರೂಪಿಸಿದ ನಾಲ್ಕು ಚಕ್ರದ ಗಾಡಿಗಳ ಮೈಲೇಜ್ ಶೇ. 6–7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಆದ್ದರಿಂದ ಹತ್ತು ವರ್ಷದ ಹಿಂದಿನ ಡೈರಿಯಲ್ಲಿ 12 ಎಂದು ಬರೆದಿದ್ದು ಈಗ 11.2 ಬರುತ್ತಿದ್ದರೆ ಎಂಜಿನ್ ಬಿಚ್ಚಿಸಬೇಡಿ. ನಿಮ್ಮ ಗಾಡಿಯಲ್ಲಿ ಏನೂ ಕೆಟ್ಟಿಲ್ಲದೇ ಇರಬಹುದು. ಬಿಚ್ಚಿ ನೋಡಬೇಕಾದ್ದು ಹಳೆಯ ರಬ್ಬರ್ ಪೈಪುಗಳನ್ನು. ಎಥೆನಾಲ್‌ಗೆ ಅವು ಉಬ್ಬುತ್ತವೆ, ಬಿರುಕು ಬಿಡುತ್ತವೆ. ಎಂಪಿಎಫ್‌ಐ ಗಾಡಿಗೆ ಹೊಸ ಪೈಪ್ ತರುವಾಗ ಮೇಲೆ ಆರ್9 (ಇಂಜೆಕ್ಷನ್ ಗಾಡಿಯ ಪೈಪಿನ ದರ್ಜೆ) ಎಂದು ಅಚ್ಚಾಗಿರುವುದನ್ನು ಕೇಳಿ ತನ್ನಿ.

ಓಡೋಮೀಟರ್ ಹೇಳುವುದು ಕಿಲೋಮೀಟರ್ ಅಲ್ಲ, ಚಕ್ರದ ಸುತ್ತು

ಜಿಪ್ಸಿಗೆ ದಪ್ಪ ಟಯರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತು ಎಂಬ ದೂರು ಎಲ್ಲ ಕಡೆ ಕೇಳುತ್ತದೆ. ಲೆಕ್ಕ ನೋಡಿ. 205/70 ಆರ್15 (ಅಗಲ 205 ಮಿಮೀ, ಬದಿಯ ಗೋಡೆ ಅದರ ಶೇ. 70, ರಿಮ್ 15 ಇಂಚು) ಟಯರಿನ ವ್ಯಾಸ: ರಿಮ್ 381 ಮಿಮೀ, ಅದಕ್ಕೆ ಎರಡು ಬದಿಯ ಗೋಡೆ 143.5ರಂತೆ 287, ಒಟ್ಟು 668 ಮಿಮೀ. 235/75 ಆರ್15 ಆದರೆ 733.5 ಮಿಮೀ. ಶೇ. 9.8ರಷ್ಟು ದೊಡ್ಡದು. ಚಿಕ್ಕ ಟಯರಿನಲ್ಲಿ ಮೀಟರ್ ಸರಿಯಿತ್ತು ಎಂದಿಟ್ಟುಕೊಂಡರೆ, ದೊಡ್ಡ ಟಯರಿನಲ್ಲಿ ಮೀಟರ್ 300 ತೋರಿಸುವಾಗ ಗಾಡಿ ನಿಜವಾಗಿ 329 ಕಿಮೀ ಓಡಿರುತ್ತದೆ. 30 ಲೀಟರ್ ಖರ್ಚಾಗಿದ್ದರೆ ನೀವು ಲೀಟರಿಗೆ 10 ಅನ್ನುತ್ತೀರಿ, ನಿಜ ಮಾತ್ರ 10.98. ಮೈಲೇಜ್ ಬಿದ್ದದ್ದು ಹೆಚ್ಚಿನ ಪಾಲು ಮೀಟರಿನಲ್ಲೇ. 215/75 ಆರ್15 ಆದರೆ ವ್ಯತ್ಯಾಸ ಶೇ. 5.3.

ಸವೆತವೂ ಲೆಕ್ಕಕ್ಕೆ ಬರುತ್ತದೆ. ಟಯರಿನ ಗುಂಡಿ (ಮೇಲಿನ ಅಚ್ಚಿನ ಉಬ್ಬು) 8 ಮಿಮೀ ಸವೆದರೆ ವ್ಯಾಸ 16 ಮಿಮೀ ಕಡಿಮೆಯಾಗುತ್ತದೆ, ಅಂದರೆ ಶೇ. 2ಕ್ಕೂ ಮೇಲೆ. ಸವೆದ ಟಯರಿನಲ್ಲಿ ಮೀಟರ್ ಹೆಚ್ಚು ಓಡಿ ಮೈಲೇಜ್ ಚೆನ್ನಾಗಿ ಕಾಣುತ್ತದೆ. ಹೊಸ ಟಯರ್ ಹಾಕಿದ ದಿನ ಅದೇ ಲೆಕ್ಕ ಇಳಿದುಬಿಡುತ್ತದೆ.

ಕಾಗದದ ಲೆಕ್ಕಕ್ಕಿಂತ ರಸ್ತೆಯ ಲೆಕ್ಕ ಉತ್ತಮ. ನೇರವಾದ ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ 20 ಕಿಮೀ ಓಡಿಸಿ, ಅಥವಾ ಮೊಬೈಲಿನ ಜಿಪಿಎಸ್‌ನಲ್ಲಿ 50 ಕಿಮೀ. ಘಾಟಿ ರಸ್ತೆಯಲ್ಲಿ ಜಿಪಿಎಸ್ ನಂಬಬೇಡಿ. ತಿರುವುಗಳನ್ನು ಅದು ನೇರ ಗೆರೆಯಾಗಿ ಕತ್ತರಿಸಿ ದೂರವನ್ನು ಕಡಿಮೆ ತೋರಿಸುತ್ತದೆ. ನಿಜ ದೂರವನ್ನು ಮೀಟರ್ ತೋರಿಸಿದ ದೂರದಿಂದ ಭಾಗಿಸಿದರೆ ನಿಮ್ಮ ಗಾಡಿಯ ತಿದ್ದುಪಡಿ ಸಂಖ್ಯೆ ಸಿಗುತ್ತದೆ. ಮೀಟರಿನ ಕಿಲೋಮೀಟರನ್ನು ಇದರಿಂದ ಗುಣಿಸಿದರೆ ನಿಜ ದೂರ. ಅದನ್ನು ಡ್ಯಾಶ್‌ಬೋರ್ಡಿನ ಒಳಬದಿ ಬರೆದಿಡಿ. ಟಯರ್ ಬದಲಿಸಿದಾಗಲೆಲ್ಲ ಹೊಸದಾಗಿ ತೆಗೆಯಿರಿ.

ಏರಿಳಿತ ಇನ್ನೊಂದು ಮೋಸ. ಮಂಗಳೂರಿನಿಂದ ಶಿರಾಡಿ ಹತ್ತಿ ಸಕಲೇಶಪುರಕ್ಕೆ ಬಂದರೆ ಗಾಡಿ ಸುಮಾರು 900 ಮೀಟರ್ ಮೇಲೇರಿರುತ್ತದೆ. 1,200 ಕೆಜಿ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 10.6 ಮೆಗಾಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇದ್ದರೂ ಎಂಜಿನ್ ಅದರ ನಾಲ್ಕನೇ ಒಂದು ಭಾಗವನ್ನಷ್ಟೇ ಚಕ್ರಕ್ಕೆ ಕೊಡುತ್ತದೆ ಎಂದು ಹಿಡಿದರೆ, ಬರೀ ಏರಿದ್ದಕ್ಕೇ 1.3 ಲೀಟರ್. ಹಾಗಾಗಿ ಹೋಗುವ ದಾರಿಯ ಮೈಲೇಜನ್ನೂ ಬರುವ ದಾರಿಯ ಮೈಲೇಜನ್ನೂ ಬೇರೆ ಬೇರೆ ಹೇಳಿಕೊಳ್ಳುವುದರಲ್ಲಿ ಅರ್ಥವಿಲ್ಲ. ತುಂಬಿಸಿದ ಬಂಕಿಗೇ ಮರಳಿ ಬಂದಾಗ ಮಾತ್ರ ಲೆಕ್ಕ ಮುಗಿಯುತ್ತದೆ.

ತೋಟದೊಳಗೆ, ಕೆಸರಿನಲ್ಲಿ, ಲೋ ರೇಂಜಿನಲ್ಲಿ (ನಿಧಾನವಾಗಿ, ಹೆಚ್ಚು ಎಳೆತದಿಂದ ಓಡಿಸುವ ಗೇರಿನಲ್ಲಿ) ಓಡುವ ಗಾಡಿಗೆ ಕಿಲೋಮೀಟರ್ ಲೆಕ್ಕವೇ ಸಲ್ಲದು. ಅಲ್ಲಿ ಗಂಟೆಗೆ ಎಷ್ಟು ಲೀಟರ್ ಎಂದು ಬರೆಯಿರಿ. ಸುಮ್ಮನೆ ಐಡಲಿನಲ್ಲಿ ನಿಂತರೂ ಈ ಗಾತ್ರದ ಎಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಲೋಡ್ ಮಾಡುವಾಗ ಚಾಲೂ ಬಿಟ್ಟರೆ ತಿಂಗಳ ಕೊನೆಗೆ ಎಷ್ಟಾಗುತ್ತದೆ ಎಂದು ಇದರಿಂದಲೇ ಲೆಕ್ಕ ಹಾಕಿಕೊಳ್ಳಬಹುದು.

ಪೆಟ್ರೋಲ್ ಇಲ್ಲದ ಪರೀಕ್ಷೆ

ಮೂರು ಟ್ಯಾಂಕ್ ಮುಗಿಯುವವರೆಗೆ ಕಾಯದೆ ಗಾಡಿ ಹಗುರವಾಗಿ ಉರುಳುತ್ತಿದೆಯೇ ಎಂದು ತಿಳಿಯಲು ಒಳ್ಳೆಯ ದಾರಿಯಿದೆ. ಬೆಳಗ್ಗೆ ಗಾಳಿಯಿಲ್ಲದ ಹೊತ್ತಿನಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ಸಮತಟ್ಟಾದ ನೇರ ರಸ್ತೆ ಬೇಕು. 10 ಕಿಮೀ ಓಡಿಸಿ ಎಲ್ಲವೂ ಬಿಸಿಯಾದ ಮೇಲೆ 65ಕ್ಕೆ ಏರಿಸಿ ನ್ಯೂಟ್ರಲ್ ಮಾಡಿ. ಎಂಜಿನ್ ಆಫ್ ಮಾಡಬಾರದು, ಬ್ರೇಕ್ ಬೂಸ್ಟರ್ ಬೇಕು. 60ರಿಂದ 40ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಎಂದು ಪಕ್ಕದಲ್ಲಿ ಕೂತವರು ಸ್ಟಾಪ್‌ವಾಚ್ ಹಿಡಿದು ನೋಡಲಿ. ತಿರುಗಿಸಿಕೊಂಡು ಎದುರು ದಿಕ್ಕಿಗೂ ಮಾಡಿ. ಎರಡು ದಿಕ್ಕಿಗೂ ಮೂರು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಜನ ಸೇರಿ 1,100 ಕೆಜಿ ತೂಗುವ ಗಾಡಿ 20 ಸೆಕೆಂಡ್ ತೆಗೆದುಕೊಂಡರೆ ಅದನ್ನು ಹಿಂದಕ್ಕೆ ಎಳೆಯುತ್ತಿರುವ ಬಲ ಸುಮಾರು 305 ನ್ಯೂಟನ್. 16 ಸೆಕೆಂಡಿಗೇ ಇಳಿದರೆ ಅದು 380 ನ್ಯೂಟನ್, ಕಾಲು ಪಾಲು ಜಾಸ್ತಿ. ಎಂಜಿನ್ ಎಷ್ಟು ಚೆನ್ನಾಗಿದ್ದರೂ ಈ ಹೆಚ್ಚುವರಿ ಎಳೆತಕ್ಕೆ ಪೆಟ್ರೋಲ್ ಸುಡಲೇಬೇಕು. ಬ್ರೇಕ್, ಟಯರ್ ಗಾಳಿ, ಅಲೈನ್‌ಮೆಂಟ್, ಗೇರ್ ಆಯಿಲ್ ಯಾವುದನ್ನು ಮುಟ್ಟಿದರೂ ಮೊದಲು ಒಮ್ಮೆ, ಆಮೇಲೆ ಒಮ್ಮೆ ಈ ಪರೀಕ್ಷೆ ಮಾಡಿ. ಅದೇ ರಸ್ತೆ, ಅಷ್ಟೇ ಜನ. ಒಂದು ಸಲಕ್ಕೆ ಒಂದೇ ಬದಲಾವಣೆ.

ಎಳೆಯುವ ಬ್ರೇಕು, ತಿರುಗುವ ಆಕ್ಸಲ್

ಕೆಸರಿನಲ್ಲಿ ಓಡುವ ಗಾಡಿಗಳಲ್ಲಿ ಮೊದಲು ಹುಡುಕಬೇಕಾದ ಕಳ್ಳ ಬ್ರೇಕು. ಆದಷ್ಟು ಬ್ರೇಕ್ ಮುಟ್ಟದೆ 10 ಕಿಮೀ ಓಡಿಸಿ, ಎಂಜಿನ್ನಿನ ಎಳೆತದಿಂದಲೇ ನಿಧಾನ ಮಾಡಿ ನಿಲ್ಲಿಸಿ. ನಾಲ್ಕೂ ಚಕ್ರದ ನಡುಭಾಗಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಎಡಬಲ ಚಕ್ರಗಳ ನಡುವೆ 15–20 ಡಿಗ್ರಿ ವ್ಯತ್ಯಾಸ ಕಂಡರೆ ಬಿಸಿಯಾದ ಕಡೆ ಬ್ರೇಕ್ ಹಿಡಿದಿದೆ. ಆ ಚಕ್ರವನ್ನು ಜಾಕ್ ಏರಿಸಿ ಕೈಯಲ್ಲಿ ತಿರುಗಿಸಿದರೆ ಖಾತ್ರಿಯಾಗುತ್ತದೆ.

ಮುಂದಿನ ಡಿಸ್ಕಿನಲ್ಲಾದರೆ ಕ್ಯಾಲಿಪರ್ ಜಾರುವ ಪಿನ್ ಒಣಗಿರುತ್ತದೆ ಅಥವಾ ಪಿಸ್ಟನ್ ತುಕ್ಕು ಹಿಡಿದಿರುತ್ತದೆ. ಪಿನ್ನಿಗೆ ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮತ್ತೆ ಹಿಡಿಯುತ್ತದೆ, ಸಿಲಿಕೋನ್ ಬ್ರೇಕ್ ಗ್ರೀಸೇ ಬೇಕು. ಎರಡನ್ನೂ ಸರಿಮಾಡಿದರೂ ಬ್ರೇಕ್ ಬಿಡದಿದ್ದರೆ ರಬ್ಬರ್ ಹೋಸ್ ಒಳಗೆ ಕುಸಿದಿದೆಯೇ ನೋಡಿ. ಪೆಡಲ್ ಒತ್ತಿದಾಗ ಎಣ್ಣೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಚಕ್ರ ಹಿಡಿದಿರುವಾಗಲೇ ಬ್ಲೀಡ್ ನಿಪ್ಪಲ್ ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ತಟ್ಟನೆ ಹಗುರಾದರೆ ತಪ್ಪು ಹೋಸಿನದು ಅಥವಾ ಮಾಸ್ಟರ್ ಸಿಲಿಂಡರಿನದು. ಹಿಂದಿನ ಡ್ರಮ್ಮಿನಲ್ಲಿ ಒಣಗಿದ ಕೆಸರು ಇಲ್ಲವೇ ಹೆಚ್ಚು ಬಿಗಿದ ಹ್ಯಾಂಡ್‌ಬ್ರೇಕ್ ಕೇಬಲ್, ಹೆಚ್ಚಾಗಿ ಈ ಎರಡೇ.

ಮುಂದಿನ ಹಬ್‌ಗಳಲ್ಲಿ ಫ್ರೀವೀಲ್ ಲಾಕ್ (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ, ಬಿಡಿಸುವ ಕೊಂಡಿ) ಇದ್ದರೆ ಟಾರು ರಸ್ತೆಯಲ್ಲಿ ಬಿಡಿಸಿಡಿ. ಲಾಕ್ ಆಗಿದ್ದರೆ 2ಎಚ್‌ನಲ್ಲಿಯೂ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ ಹೋಗುವಾಗಲೂ) ಮುಂದಿನ ಆಕ್ಸಲ್ ಶಾಫ್ಟು, ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟು ಎಲ್ಲವೂ ಕೆಲಸವಿಲ್ಲದೆ ತಿರುಗುತ್ತಿರುತ್ತವೆ. ಇದರಿಂದ ಉಳಿಯುವುದು ಸ್ವಲ್ಪವೇ, ಮೈಲೇಜ್ ಎರಡು ಹೆಚ್ಚುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಸವೆತ ತಪ್ಪುವುದು ದೊಡ್ಡ ಲಾಭ. ತಿಂಗಳಿಗೊಮ್ಮೆ ಲಾಕ್ ಹಾಕಿ 2ಎಚ್‌ನಲ್ಲೇ ಹತ್ತಿಪ್ಪತ್ತು ಕಿಮೀ ಓಡಿಸಿ, ಒಳಗಿನ ಗೇರುಗಳಿಗೆ ಎಣ್ಣೆ ತಾಗಬೇಕು. ಟಾರಿನ ಮೇಲೆ 4ಎಚ್ (ನಾಲ್ಕೂ ಚಕ್ರಕ್ಕೆ ಎಳೆತ) ಹಾಕಿ ಓಡಿಸುವುದಂತೂ ಬೇಡವೇ ಬೇಡ. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಹೋಗಬೇಕು. ಎರಡು ಆಕ್ಸಲ್‌ಗಳ ನಡುವೆ ಆ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಇಲ್ಲದ್ದರಿಂದ ಗೇರುಗಳೇ ತಿರುಚಿಕೊಳ್ಳುತ್ತವೆ.

ಜಿಪ್ಸಿಯದು ಇಡೀ ಆಕ್ಸಲ್ ಆದ್ದರಿಂದ ಅಲೈನ್‌ಮೆಂಟಿನಲ್ಲಿ ತಿರುಗಿಸಲು ಸಿಗುವುದು ಟೋ (ಮುಂದಿನ ಎರಡು ಚಕ್ರಗಳು ಒಳಕ್ಕೆ ಅಥವಾ ಹೊರಕ್ಕೆ ಮುಖಮಾಡಿರುವ ಅಳತೆ) ಒಂದೇ. ಕಲ್ಲಿಗೆ ಬಡಿದು ಟೈ ರಾಡ್ ಸ್ವಲ್ಪ ಬಾಗಿದರೂ ಎರಡು ಚಕ್ರಗಳೂ ರಸ್ತೆಗೆ ಉಜ್ಜಿಕೊಂಡು ಓಡುತ್ತವೆ. ಟಯರಿನ ಮೇಲೆ ಕೈಯಾಡಿಸಿ. ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ ತಪ್ಪಿದೆ. ಗಾಳಿಯ ವಿಷಯದಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಕೆಸರಿಗೆಂದು 16–18 ಪಿಎಸ್‌ಐಗೆ ಇಳಿಸುತ್ತಾರೆ, ಊರಿಗೆ ಬರುವವರೆಗೂ ಹಾಗೇ ಓಡಿಸುತ್ತಾರೆ. 12 ವೋಲ್ಟಿನ ಚಿಕ್ಕ ಕಂಪ್ರೆಸರ್ ಒಂದನ್ನು ಸೀಟಿನಡಿ ಇಟ್ಟುಕೊಳ್ಳಿ. ಕಂಪನಿ ಅಳತೆಯಲ್ಲದ ಟಯರಿಗೆ ಸರಿಯಾದ ಒತ್ತಡ ತಿಳಿಯಲು ಟಯರಿನ ಅಡ್ಡಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದು ನೇರವಾಗಿ ನೂರು ಅಡಿ ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದರೆ ಕಡಿಮೆ. ಸಮನಾಗಿ ಅಳಿಸುವ ಒತ್ತಡವೇ ನಿಮ್ಮದು.

ತಣ್ಣಗಿರುವ ಎಂಜಿನ್

ಹಳೆಯ ಗಾಡಿಯಲ್ಲಿ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ) ಬಿಚ್ಚಿ ಎಸೆಯುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಹೀಟ್ ಆಗುತ್ತದೆ ಎಂದು ಹೋದರೆ ರೇಡಿಯೇಟರ್ ತೊಳೆಯುವ ಬದಲು ಇದನ್ನು ತೆಗೆದು ಕಳಿಸುತ್ತಾರೆ. ಮೈಲೇಜಿಗೆ ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ, ಹೊರಗೆ 18–20 ಡಿಗ್ರಿ ಇರುವಾಗ, ಥರ್ಮೋಸ್ಟಾಟ್ ಇಲ್ಲದ ಎಂಜಿನ್ ತನ್ನ ಬಿಸಿಗೆ ಬರುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ದಾರಿಯುದ್ದಕ್ಕೂ ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ. ಸುಡದ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿದು ಅದನ್ನೂ ಕೆಡಿಸುತ್ತದೆ.

ಪರೀಕ್ಷೆ ಸುಲಭ. ಬೆಳಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿ ರೇಡಿಯೇಟರಿಗೆ ಹೋಗುವ ಮೇಲಿನ ಪೈಪ್ ಹಿಡಿದು ನೋಡಿ. ಥರ್ಮೋಸ್ಟಾಟ್ ಸರಿಯಿದ್ದರೆ ಆ ಪೈಪು ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ ಅದು ಇಲ್ಲ, ಅಥವಾ ತೆರೆದೇ ಸಿಕ್ಕಿಕೊಂಡಿದೆ. ಹೊಸದನ್ನು ಹಾಕುವ ಮೊದಲು ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿ, ಅದರ ಮೇಲೆ ಅಚ್ಚಾಗಿರುವ ಡಿಗ್ರಿಗೆ ಬಾಯಿ ಬಿಡುತ್ತದೆಯೇ ನೋಡಿ.

ಥರ್ಮೋಸ್ಟಾಟ್ ಸರಿಯಿದ್ದೂ ಗಾಡಿ ಕುಡಿಯುತ್ತಿದ್ದರೆ ಇಸಿಯುಗೆ ಹೋಗುವ ಕೂಲೆಂಟ್ ಸೆನ್ಸರ್ ನೋಡಿ. ಎರಡು ತಂತಿಯದು ಇಸಿಯುಗೆ, ಒಂದು ತಂತಿಯದು ಡ್ಯಾಶ್‌ಬೋರ್ಡಿನ ಮುಳ್ಳಿಗೆ. ಹಾಗಾಗಿ ಮುಳ್ಳು ಸರಿ ತೋರಿಸುತ್ತಿದೆ ಅನ್ನುವುದು ಪುರಾವೆಯಲ್ಲ. ಪ್ಲಗ್ ಕಳಚಿ ಮಲ್ಟಿಮೀಟರ್ ಹಿಡಿದರೆ 20 ಡಿಗ್ರಿಯಲ್ಲಿ ಸುಮಾರು 2.2ರಿಂದ 2.7 ಕಿಲೋಓಮ್, 80 ಡಿಗ್ರಿಯಲ್ಲಿ 0.3ರ ಆಸುಪಾಸು ಬರಬೇಕು. ಎಂಜಿನ್ ಬಿಸಿಯಾದರೂ ಸಾವಿರ ಓಮ್ (1 ಕಿಲೋಓಮ್) ಮೇಲೇ ನಿಂತಿದ್ದರೆ ಸೆನ್ಸರ್ ಬದಲಿಸಿ.

ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಲ್ಲಿ ಎಂಜಿನ್ ಬಿಸಿಯಾಗಿ 2000 ಆರ್‌ಪಿಎಂನಲ್ಲಿರುವಾಗ ಅದರ ಸಿಗ್ನಲ್ ತಂತಿ 0.1 ಮತ್ತು 0.9 ವೋಲ್ಟಿನ ನಡುವೆ ಬೇಗ ಬೇಗ ಏರಿಳಿಯಬೇಕು. ಸೆನ್ಸರ್ ಕೊಳ್ಳುವ ಮುಂಚೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರುತ್ತಿದೆಯೇ ನೋಡಿ. ಅಲ್ಲಿಂದ ಹೊರಗಾಳಿ ಒಳಹೋದರೆ ಸೆನ್ಸರಿಗೆ ಆಮ್ಲಜನಕ ಹೆಚ್ಚು ಕಾಣುತ್ತದೆ, ಇಸಿಯು ಪೆಟ್ರೋಲ್ ಸಾಲದೆಂದು ತಿಳಿದು ಇನ್ನಷ್ಟು ಕೊಡುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಟಿಕ್ ಟಿಕ್ ಎಂದು ಸದ್ದಾಗಿ, ಬಿಸಿಯಾದ ಮೇಲೆ ಅದು ನಿಂತರೆ ಗುಮಾನಿ ಇದರ ಮೇಲೆಯೇ.

ಕಾರ್ಬ್ಯುರೇಟರ್ ಗಾಡಿಯಲ್ಲಿ ಚೋಕ್ ಪೂರ್ತಿ ತೆರೆಯುತ್ತದೆಯೇ, ಫ್ಲೋಟ್ ಮಟ್ಟ ಸರಿಯಿದೆಯೇ ಎಂಬುದನ್ನು ಮೊದಲು ನೋಡಿ. ಜೆಟ್ಟಿಗೆ ತಂತಿ ತೂರಿಸಿ ಕ್ಲೀನ್ ಮಾಡಲು ಬಿಡಬೇಡಿ. ಹಿತ್ತಾಳೆಯ ತೂತು ಒಮ್ಮೆ ದೊಡ್ಡದಾದರೆ ಯಾವ ಟ್ಯೂನಿಂಗಿಗೂ ಸರಿಹೋಗುವುದಿಲ್ಲ. ಕ್ಲೀನರ್ ಸ್ಪ್ರೇ, ಗಾಳಿ, ಅಷ್ಟು ಸಾಕು.

ಏರ್ ಫಿಲ್ಟರ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಅಳೆಯುವ ಗಾಡಿಗಳಲ್ಲಿ ಕಟ್ಟಿದ ಫಿಲ್ಟರಿನಿಂದ ವೇಗ ಹಿಡಿಯುವ ಶಕ್ತಿ ಕುಂದಿತೇ ಹೊರತು ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಾರ್ಬ್ಯುರೇಟರಿನಲ್ಲಿ ಹಾಗಲ್ಲ, ಅಲ್ಲಿ ಮಿಶ್ರಣದಲ್ಲಿ ಪೆಟ್ರೋಲೇ ಹೆಚ್ಚಾಗುತ್ತದೆ. ಎಂಪಿಎಫ್‌ಐನಲ್ಲಿ ಫಿಲ್ಟರ್ ಬದಲಿಸುವುದು ಧೂಳಿನಿಂದ ಎಂಜಿನ್ ಉಳಿಸಲು ಎಂದುಕೊಳ್ಳಿ. ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಇವುಗಳಿಗೆ ದುಡ್ಡು ಕೊಡಬೇಡಿ.

ಓಡಿಸುವ ರೀತಿ

ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 70ರಿಂದ 90ಕ್ಕೆ ಹೋದರೆ ಅದು ಶೇ. 65ರಷ್ಟು ಹೆಚ್ಚು. ಜಿಪ್ಸಿಯಂಥ ಚೌಕಾಕಾರದ ಗಾಡಿಗೆ ಇದು ದುಬಾರಿ, ಮೇಲೆ ಖಾಲಿ ಕ್ಯಾರಿಯರ್ ಇದ್ದರೆ ಇನ್ನೂ ದುಬಾರಿ. ಹೆದ್ದಾರಿಯಲ್ಲಿ 65–70ರ ನಡುವೆ ಒಂದೇ ಸಮ ಓಡಿಸುವುದಕ್ಕೆ ಒಂದು ಪೈಸೆ ಖರ್ಚಿಲ್ಲ, ಈ ಬರಹದಲ್ಲಿರುವ ಹೆಚ್ಚಿನ ರಿಪೇರಿಗಳಿಗಿಂತ ಫಲ ಜಾಸ್ತಿ.

ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಎಂಪಿಎಫ್‌ಐ ಗಾಡಿಗೆ ಶುದ್ಧ ಸುಳ್ಳು. ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಸಿಯು ಇಂಜೆಕ್ಟರ್‌ಗಳನ್ನೇ ಮುಚ್ಚುತ್ತದೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡಲಿಗೆ ಪೆಟ್ರೋಲ್ ಬೇಕು, ಜೊತೆಗೆ ಬ್ರೇಕ್ ಕಾದು ಕೈಕೊಡುವ ಅಪಾಯ. ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ.

ಡೀಸೆಲ್ ಜೀಪಿಗೆ

ಮಹೀಂದ್ರದ ಹಳೆಯ ಡಿಐ (ಡೈರೆಕ್ಟ್ ಇಂಜೆಕ್ಷನ್) ಜೀಪುಗಳಲ್ಲಿ ಹೊಗೆಯೇ ಮೊದಲ ಮೀಟರ್. ಏರಿನಲ್ಲಿ ಕಪ್ಪು ಹೊಗೆ ಬಂದರೆ ಗಾಳಿಗೆ ಹೋಲಿಸಿದರೆ ಡೀಸೆಲ್ ಜಾಸ್ತಿ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಟೈಮಿಂಗ್ ಹಿಂದೆ ಬಿದ್ದಿದೆ, ನಾಜಲ್ ಸೋರುತ್ತಿದೆ ಅಥವಾ ಕಂಪ್ರೆಷನ್ ಇಳಿದಿದೆ. ನೀಲಿಯಾದರೆ ಆಯಿಲ್ ಸುಡುತ್ತಿದೆ. ಎಣ್ಣೆ ತೊಟ್ಟಿಯ ಏರ್ ಕ್ಲೀನರ್ ಇದ್ದರೆ ಅದನ್ನು ಬಿಚ್ಚಿ ತಳದ ಕೆಸರು ತೆಗೆದು ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿ. ಗುರುತು ಮೀರಿದರೆ ಎಣ್ಣೆಯೇ ಎಂಜಿನ್ನಿಗೆ ಎಳೆದುಕೊಂಡು ಹೋಗುತ್ತದೆ.

ಪಿಕಪ್ ಸಾಲದು ಎಂದಾಗ ಪಂಪಿನ ಸೀಲ್ ಒಡೆದು ಡೀಸೆಲ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿಬಿಡುವ ಮೆಕ್ಯಾನಿಕ್‌ಗಳಿದ್ದಾರೆ. ನಿಮ್ಮ ಪಂಪಿನ ಸೀಸದ ಸೀಲ್ ಇಲ್ಲದಿದ್ದರೆ, ಕಪ್ಪು ಹೊಗೆಯೂ ಇದ್ದರೆ, ಅದೇ ಆಗಿರುವ ಸಾಧ್ಯತೆ ಹೆಚ್ಚು. ಅಂದಾಜಿನ ಮೇಲೆ ಹಿಂದಕ್ಕೆ ತಿರುಗಿಸಬೇಡಿ. ಪಂಪನ್ನೂ ನಾಲ್ಕು ನಾಜಲ್‌ಗಳನ್ನೂ ಬಿಚ್ಚಿಸಿ ಡೀಸೆಲ್ ಪಂಪ್ ಲ್ಯಾಬಿಗೆ ಒಯ್ಯಿರಿ. ನಾಜಲ್ ತೆರೆಯುವ ಒತ್ತಡ ನಾಲ್ಕರಲ್ಲೂ ಸಮ ಇರಬೇಕು, ತುದಿಯಲ್ಲಿ ಹನಿ ನಿಲ್ಲಬಾರದು, ಪಂಪಿನ ನಾಲ್ಕೂ ಲೈನಿನಲ್ಲಿ ಬರುವ ಡೀಸೆಲ್ ಕಂಪನಿ ಕೊಟ್ಟ ಅಳತೆಗೆ ಹೊಂದಬೇಕು. ಬೆಂಚಿನ ಮೇಲೆ ಓಡಿಸುವಾಗ ಅಲ್ಲೇ ನಿಂತು ನೋಡಿ, ನಾಲ್ಕು ಗಾಜಿನ ನಳಿಗೆಗಳಲ್ಲಿ ಮಟ್ಟ ಎಲ್ಲಿಗೆ ಬಂತೆಂದು ಬರೆಸಿಕೊಳ್ಳಿ, ಹೊಸ ಸೀಲ್ ಹಾಕಿಸಿಕೊಂಡೇ ಪಂಪ್ ತನ್ನಿ.